ಜಮಖಂಡಿ ಸೀಮೆಯಲ್ಲಿ ಜೀನು ಪಾಠ

ಜಮಖಂಡಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಮೇಡಂ. ನಮ್ಮ ಮೈಯ, ಕಣ್ಣಿಗೆ ಕಾಣದ ಒಂದೊಂದು ಜೀವಕೋಶದ ನಡುವೆ ಕೋಶಕೇಂದ್ರ, ಅದರೊಳಗೆ ಎರಡು ಮೀಟರು ಉದ್ದದ ಡಿಎನ್‌ಎ ದಾರ ಮಡಚಿಕೊಂಡು ಕೂತಿರುತ್ತದೆ. ಆ ದಾರದ ಒಂದೊಂದು ತುಣುಕು ಒಂದೊಂದು ಜೀನು. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವುದರಲ್ಲಿ ಆ ಮಡಿಕೆಯದೂ ದೊಡ್ಡ ಪಾಲು. ಇಂಥ ಕಾಣದ ಸಂಗತಿಯ ಪಾಠ ಹೇಳಲು ಹೊರಟವಳಿಗೆ ಕಾಣುವ ಜನರಿಂದ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಅವ್ವನ ಪೇಢೆ

ನಮ್ಮದು ಬನಹಟ್ಟಿಯ ನೇಕಾರರ ಮನೆ. ನನಗೆ ಪಿಎಚ್‌ಡಿ ಬಂದಾಗ ಅವ್ವ ಇಡೀ ಓಣಿಗೆ ಪೇಢೆ ಹಂಚಿದಳು. “ನನ್ನ ಮಗಳು ಜೀನ್ಸ್ ಮ್ಯಾಲ ಡಾಕ್ಟರ್ ಆಗ್ಯಾಳ” ಅಂತ ಹೇಳಿದ್ದೇ ಹೇಳಿದ್ದು. ಸಂಜೆ ಸೀರೆ ವ್ಯಾಪಾರದ ಸಾಹುಕಾರರು ಬಂದರು. ಪೇಢೆ ತಿಂದರು, ಮುಖ ಮಾತ್ರ ಸಪ್ಪಗಿತ್ತು.

“ಛಲೋ ಆತವಾ. ಆದ್ರ ಸೀರಿ ನೇಯೂ ಮನ್ಯಾಗ ಹುಟ್ಟಿ ಆ ಅರಿವಿ ಹಿಂದ ಯಾಕ ಬಿದ್ದಿ?”

ಇದು ಪ್ಯಾಂಟಿನ ಜೀನ್ಸ್ ಅಲ್ಲ, ಮೈಯೊಳಗೆ ಇರುವಂಥದ್ದು, ತಂದೆ-ತಾಯಿಯಿಂದ ಬರುವಂಥದ್ದು ಎಂದು ಕೂತು ತಿಳಿಸಿ ಹೇಳಿದೆ. ಅವರು ಲಕ್ಷ್ಯಗೊಟ್ಟು ಕೇಳಿದರು. ಹೋಗುವಾಗ ಅವ್ವನಿಗೆ ಸಮಾಧಾನ ಹೇಳಿದರು: “ಚಿಂತಿ ಬ್ಯಾಡವಾ. ಅದು ಒಳಗ ಹಾಕ್ಕೊಳ್ಳೂದಂತ. ನಮ್ಮ ಸೀರಿಗೇನೂ ತ್ರಾಸಿಲ್ಲ.”

೨. ಗೋಡೆ ಕಡೆಯ ಬೆಂಚು

ಕೋಶಕೇಂದ್ರದ ಸುತ್ತ ಒಂದು ಪೊರೆ. ಅದರ ಅಂಚಿಗೆ ಅಂಟಿಕೊಂಡ ಜೀನುಗಳು ಹೆಚ್ಚಾಗಿ ಸುಮ್ಮನಿರುತ್ತವೆ. ನಡುವೆ ಸಡಿಲಾಗಿ ಹರಡಿಕೊಂಡವು ಕೆಲಸ ಮಾಡುತ್ತವೆ. “ಪೊರೆ ಅಂದ್ರ ಗ್ವಾಡಿ ಅಂತ ತಿಳೀರಿ” ಎಂದು ಪಾಠ ಮಾಡಿದೆ. ಮರುದಿನ ಕೊನೆಯ ಬೆಂಚಿನ ಹುಡುಗ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ಎಬ್ಬಿಸಿ, ನಿನ್ನೆಯ ಪಾಠ ಹೇಳು ಅಂದೆ.

“ಗ್ವಾಡಿಗೆ ಹತ್ತಿದ ಜೀನು ಕೆಲಸ ಮಾಡಂಗಿಲ್ಲ ಅಂತ ಹೇಳೀರಿ ಮೇಡಂ. ಅದಕ್ಕ ನಾನೂ...”

ಉತ್ತರ ಸರಿಯಾಗಿತ್ತು. ಒಳಗೊಳಗೆ ಹೆಮ್ಮೆಯೂ ಆಯಿತು. ಅವನನ್ನು ನಡುವಿನ ಬೆಂಚಿಗೆ ತಂದು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಅಲ್ಲೂ ಮಲಗಿದ.

“ಮೇಡಂ,” ಎಂದಳು ಹಿಂದಿನ ಹುಡುಗಿ, “ಕೆಲವು ಜೀನು ಎಲ್ಲಿಟ್ರೂ ಏಳಂಗಿಲ್ರಿ.”

೩. ಬಾಲಕ್ಕೆ ಕಾಣದ ಮೊಲ

ಮುಧೋಳದಲ್ಲಿ ಉಪನ್ಯಾಸ. ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ ಎಂದೆ. ಬೇಟೆನಾಯಿ ಸಾಕುವ ಹಿರಿಯರೊಬ್ಬರು ಎದ್ದರು.

“ನಮ್ಮ ನಾಯಿ ಕಣ್ಣಾಗೂ ಬಾಲದಾಗೂ ಒಂದ ಡಿಎನ್‌ಎ ಅಂತೀರಿ?”

“ಹೌದ್ರಿ.”

“ಮತ್ತ ಬಾಲಕ್ಕ ಯಾಕ ಮೊಲ ಕಾಣಂಗಿಲ್ಲ?”

ಯಾವ ಸಮ್ಮೇಳನದಲ್ಲೂ ನನಗೆ ಇಷ್ಟು ಒಳ್ಳೆಯ ಪ್ರಶ್ನೆ ಬಂದಿರಲಿಲ್ಲ. ನೋಟಕ್ಕೆ ಬೇಕಾದ ಜೀನು ಕಣ್ಣಿನ ಕೋಶದಲ್ಲಿ ಬಿಚ್ಚಿಕೊಂಡಿರುತ್ತದೆ, ಬಾಲದಲ್ಲಿ ಅದೇ ಜೀನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ ಎಂದೆ. ಅವರು ತೃಪ್ತಿಯಿಂದ ಕೂತು, ಪಕ್ಕದಲ್ಲಿದ್ದ ಅಳಿಯನ ಕಡೆ ತಿರುಗಿದರು: “ಕೇಳಿದ್ರಿಲ್ಲ? ಶಾಣ್ಯಾತನ ನಿಮ್ಮ ಹತ್ರನೂ ಐತಂತ. ಬಿಚ್ಚಿಲ್ಲ, ಅಷ್ಟ.”

೪. ಬಲ್ಬು

ಕಾಲೇಜುಗಳ ವಿಜ್ಞಾನ ಸ್ಪರ್ಧೆ. ನಮ್ಮ ಮಕ್ಕಳು ವಾರಗಟ್ಟಲೆ ಕೂತು ಹಳೆಯ ಸೀರೆ ಹರಿದು ಉದ್ದನೆಯ ಹಗ್ಗ ಹೆಣೆದಿದ್ದರು. ಅದೇ ಡಿಎನ್‌ಎ. ಒಂದು ತುದಿಯಲ್ಲಿ ರಬಕವಿಯ ಹುಡುಗಿ ಬಲ್ಬು ಹಿಡಿದಿದ್ದಳು, ಅವಳು ಜೀನು. ಇನ್ನೊಂದು ತುದಿಯಲ್ಲಿ ಬೀಳಗಿಯ ಹುಡುಗನ ಕೈಯಲ್ಲಿ ಬ್ಯಾಟರಿ. ಅವನು ಆ ಜೀನಿನ ಸ್ವಿಚ್ಚು. ಹಗ್ಗ ಮಡಚಿ ಇಬ್ಬರೂ ಹತ್ತಿರ ಬಂದರೆ ಇಬ್ಬರ ಕೈಯ ತಂತಿ ತಾಗಿ ಬಲ್ಬು ಹತ್ತಬೇಕು. ಮಡಿಕೆ ಬಿಚ್ಚದಂತೆ ಹಿಡಿದುಕೊಳ್ಳುವ ಪ್ರೋಟೀನು ಒಂದಿರುತ್ತದೆ. ಆ ಪಾತ್ರದ ಹುಡುಗಿಗೆ ಬೆಳಿಗ್ಗೆಯೇ ಜ್ವರ.

ಅಷ್ಟರಲ್ಲಿ ಶಿಸ್ತಿನ ಉಸ್ತುವಾರಿಯ ಹಿರಿಯ ಮಾಸ್ತರರು ಬಂದರು. ಹುಡುಗ ಹುಡುಗಿ ಜೊತೆಗೆ ನಿಲ್ಲುವುದು ಅವರಿಗೆ ಸೇರದು.

“ಹುಡುಗೂರು ಆ ಕಡಿ, ಹುಡುಗ್ಯಾರು ಈ ಕಡಿ.”

“ದೂರ ನಿಂತ್ರ ಜೀನು ಹತ್ತಂಗಿಲ್ರಿ ಸರ್,” ಎಂದಳು ಬಲ್ಬಿನ ಹುಡುಗಿ.

“ಹತ್ತಲಿಲ್ಲಂದ್ರ ಬಿಡು.”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅಂದಳು: “ಹಂಗಾರ ನಡುವ ನೀವ ನಿಂದರ್ರಿ ಸರ್. ಎರಡೂ ಕಡಿ ಹಗ್ಗ ನೀವ ಹಿಡೀರಿ. ನಮಗ ಪ್ರೋಟೀನ್ ಬೇಕಾಗೇತ್ರಿ.”

ಇಬ್ಬರ ನಡುವೆ ಕಾವಲು ನಿಲ್ಲುವುದು ಅವರಿಗೆ ಹಿಡಿಸಿತು. ಹಗ್ಗ ಹಿಡಿದರು. “ಇನ್ನೊಂದೀಟು ಜಗ್ರಿ ಸರ್” ಅಂದಳು. ಜಗ್ಗಿದರು. ತುದಿಗಳು ಕೂಡಿದವು, ಬಲ್ಬು ಹತ್ತಿತು. ಅವರು ಕೈ ಸಡಿಲಿಸಿದರೆ ಆರಿತು, ಬಿಗಿ ಹಿಡಿದರೆ ಮತ್ತೆ ಹತ್ತಿತು. ಆಮೇಲೆ ಬಿಡಲೇ ಇಲ್ಲ. ತೀರ್ಪುಗಾರರು ಕೇಳಿದ್ದಕ್ಕೆಲ್ಲ ಹುಡುಗಿ ತಡವರಿಸದೆ ಉತ್ತರ ಕೊಟ್ಟಳು. ಹಿಂದೆ ನಿಂತಿದ್ದ ನನಗೆ ಕಣ್ಣು ತುಂಬಿಬಂತು.

ಮೊದಲ ಬಹುಮಾನ ನಮಗೇ ಸಿಕ್ಕಿತು. ಮಕ್ಕಳ ಜೊತೆ ಮಾಸ್ತರರೂ ವೇದಿಕೆ ಹತ್ತಿದರು. ಮುಖ್ಯ ಅತಿಥಿಗಳು ಅವರನ್ನು ನೋಡಿ, “ನೀವ್ಯಾರ್ರಿ?” ಎಂದರು.

ಮಾಸ್ತರರು ಎದೆ ಸೆಟೆಸಿ, ಮೈಕಿನ ಮುಂದೆಯೇ ಹೇಳಿದರು: “ನಾ ಪ್ರೋಟೀನ್ ಅದೀನ್ರಿ. ಇವರಿಬ್ಬರನ್ನ ಕೂಡಿಸಿದಾಂವ ನಾನ.”