ಇಪ್ಪತ್ತು ಮೈಲಿಯ ಕಾನೂನು

ಆರ್ಡಿತ್: ಮೊದ್ಲು ಆ ಚೀಟಿ ತಗೋ. ಆಮೇಲೆ ಬಾತುಕೋಳಿ.

ಲೂಮಿರ್: ಮೊದ್ಲು ಬಾತುಕೋಳಿ. ಚೀಟಿ ತಗೊಳ್ಳೋ ಮಾತೇ ಇಲ್ಲ.

ಡ್ವೇನ್: ತಗೊಂಡ್ಬಿಡಣ್ಣ. ನಂಗೂ ಹಸಿವಾಗ್ತಿದೆ.

ಚೀಟಿ ಹಿಡಿದು ನಿಂತಿದ್ದ ಡ್ವೇನ್ ಟಾಬರ್ ಕ್ರೀಕ್ ಊರಿನ ಏಕೈಕ ಪೊಲೀಸು, ಲೂಮಿರನ ಒಡಹುಟ್ಟಿದ ತಮ್ಮ. ಲೂಮಿರ್ ಕಲ್ಲಿದ್ದಲಿನ ಗೂಡ್ಸ್ ರೈಲಿನ ಡ್ರೈವರು. ಆರ್ಡಿತ್ ಅವನ ಹೆಂಡತಿ, ಮತ್ತು ಆರುನೂರ ಹನ್ನೆರಡು ಜನರಿರುವ ಆ ನೆಬ್ರಾಸ್ಕದ ಊರಿಗೆ ಎಂಟು ವರ್ಷದಿಂದ ಮೇಯರು. ಹೋದ ವರ್ಷ ಕಂಪನಿಯವರು ಹೊಸ ಹಳಿ ಹಾಸಿದ್ದೇ ಹಾಸಿದ್ದು, ಕುಂಟುತ್ತಾ ಹೋಗುತ್ತಿದ್ದ ರೈಲುಗಳು ಊರ ನಡುವೆ ಹಾರತೊಡಗಿದವು. ಕಪಾಟಿನ ತಟ್ಟೆ ಕುಣಿದವು, ಗೋಡೆಯ ಪಟ ಬಿದ್ದವು. ಆರ್ಡಿತ್ ಸುಮ್ಮನಿರುವ ಹೆಂಗಸಲ್ಲ. ಊರ ಗಡಿಯೊಳಗೆ ರೈಲು ಗಂಟೆಗೆ ಇಪ್ಪತ್ತು ಮೈಲಿ ಮೀರಬಾರದೆಂದು ಪುರಸಭೆಯಲ್ಲಿ ಕಾನೂನು ಮಾಡಿಸಿಯೇಬಿಟ್ಟಳು. ಶನಿವಾರ ಡ್ವೇನ್ ಧಾನ್ಯದ ಗೋದಾಮಿನ ಹಿಂದೆ ಅವಿತು ಕೂತು ಅಳೆದರೆ ನಲವತ್ತೊಂಬತ್ತು ಬಂತು. ಕೈ ಅಡ್ಡ ಹಿಡಿದರೆ ರೈಲು ನಿಲ್ಲುತ್ತದೆಯೇ? ಹಾಗಾಗಿ ದಂಡದ ಚೀಟಿಯನ್ನು ಭಾನುವಾರದ ಊಟದ ಮೇಜಿಗೇ ತಂದಿದ್ದ.

ಲೂಮಿರ್: ನೋಡು, ಹಳಿ ಮೇಲೆ ಎಷ್ಟು ವೇಗ ಅಂತ ಹೇಳೋರು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದೋರು. ಇಂಥಾ ಹಳಿಗೆ ಇಷ್ಟು ಅಂತ ಅವರ ಪುಸ್ತಕದಲ್ಲಿದೆ. ಅದ್ರಲ್ಲಿ ಊರಿನೋರು ಕೈ ಹಾಕೋ ಹಾಗಿಲ್ಲ.

ಆರ್ಡಿತ್: ವಾಷಿಂಗ್ಟನ್ನಲ್ಲಿ ಯಾರ ಮನೆ ತಟ್ಟೆ ಒಡೀತು?

ಲೂಮಿರ್: ಈ ಲೈನಲ್ಲಿ ನಲವತ್ತು ಊರಿವೆ, ನಲವತ್ತು ಜನ ಮೇಯರುಗಳು. ಒಬ್ಬೊಬ್ರೂ ಒಂದೊಂದು ಕಾನೂನು ಮಾಡಿದ್ರೆ ನಾನು ಒಮಾಹಾ ಸೇರೋದು ಯಾವ ಕಾಲಕ್ಕೆ?

ಆರ್ಡಿತ್: ನಲವತ್ತು ಮೇಯರ ಜೊತೆ ನೀನು ಸಂಸಾರ ಮಾಡ್ತಿಲ್ಲ. ಒಬ್ಳ ಜೊತೆ ಮಾಡ್ತಿದೀಯ.

ಲೂಮಿರ್: ಹಂಗಾದ್ರೆ ಮನೆಯೊಳಗೂ ಒಂದು ವೇಗದ ಕಾನೂನು ಮಾಡ್ಬಿಡು.

ಆರ್ಡಿತ್: ಮನೆಯೊಳಗೆ ನಿನ್ನ ವೇಗದಿಂದ ಯಾರಿಗೂ ಅಪಾಯ ಇಲ್ಲ. ಆ ಕಸದ ಡಬ್ಬಿ ಹೊರಗಿಡು ಅಂದು ನಾಲ್ಕು ದಿನ ಆಯ್ತು.

ಡ್ವೇನ್ ಚೀಟಿಯನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಹುಳಿ ಎಲೆಕೋಸು ಬಡಿಸಿಕೊಳ್ಳಲು ಶುರು ಮಾಡಿದ. ಆರ್ಡಿತ್ ಕುರ್ಚಿ ಎಳೆದು ಗಂಡನ ಪಕ್ಕ ಕೂತಳು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮಂಗಳವಾರ ಚುನಾವಣೆ. ಎದುರು ನಿಂತಿದ್ದ ಗ್ಲೆಂಡಾ ಸ್ಟಾಸ್ನಿ ತನ್ನ ಕ್ಷೌರದಂಗಡಿಗೆ ಬಂದವರ ತಲೆಯನ್ನೆಲ್ಲ ಹಿಡಿದುಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಕಟ್ಟಿಕೊಂಡ ಗಂಡನೇ ಕೇಳದ ಕಾನೂನು ಯಾವ ಸೀಮೆ ಕಾನೂನು?

ಆರ್ಡಿತ್: ಲೂಮಿರ್, ನಾಳೆ ಒಂದು ದಿನ. ಜನ ಎಲ್ಲಾ ರೈಲ್ವೆ ಗೇಟಿನ ಹತ್ರ ನಿಂತಿರ್ತಾರೆ. ಸ್ವಲ್ಪ ನಿಧಾನ ಹೋಗು, ಸಾಕು. ನಾನು ಸೋತ್ರೆ ಆ ಗ್ಲೆಂಡಾ ಮುಖ ನಾಲ್ಕು ವರ್ಷ ನೋಡ್ಬೇಕಾಗುತ್ತೆ.

ಲೂಮಿರ್: ಇಂಜಿನ್ನಲ್ಲಿ ಯಂತ್ರ ಇದೆ ಕಣೇ. ನಾನು ಎಲ್ಲಿ ಎಷ್ಟು ಹೋದೆ, ಎಲ್ಲಿ ಬ್ರೇಕ್ ಹಾಕ್ದೆ, ಎಲ್ಲಾ ಬರ್ಕೊಳುತ್ತೆ. ಯಾಕಪ್ಪಾ ನಿಧಾನ ಮಾಡ್ದೆ ಅಂತ ಕೇಳಿದ್ರೆ ಏನನ್ಲಿ? ಹೆಂಡ್ತಿ ಚುನಾವಣೆಗೆ ನಿಂತಿದ್ಲು ಅನ್ಲಾ?

ಡ್ವೇನ್: ಹಸು ಅಡ್ಡ ಬಂತು ಅನ್ನು.

ಲೂಮಿರ್: ನೀನು ತಿನ್ನೋ.

ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು. ಲೂಮಿರ್ ಎದ್ದು ಹೋಗಿ ಐದಾರು ಸಲ ‘ಹೂಂ’ ಎಂದು ಕೆಳಗಿಟ್ಟ.

ಲೂಮಿರ್: ಕಂಪನಿಯಿಂದ. ಹಳ್ಳದ ಹತ್ರ ಹಳಿ ಕೆಳಗೆ ಮಣ್ಣು ಕುಸಿದಿದೆಯಂತೆ. ವಾಷಿಂಗ್ಟನ್ ಇಲಾಖೆಯೋರು ಬಂದು ನೋಡಿದಾರೆ. ರಿಪೇರಿ ಆಗೋ ತನಕ ನಮ್ಮೂರಲ್ಲಿ ಹತ್ತೇ ಮೈಲಿ.

ಆರ್ಡಿತ್: ಹತ್ತು? ನಾನು ಕೇಳಿದ್ದು ಇಪ್ಪತ್ತು.

ಲೂಮಿರ್: ಇದು ನೀನು ಕೇಳಿದ್ದಕ್ಕೆ ಅಲ್ಲ. ಮಣ್ಣು ಕುಸಿದಿದ್ದಕ್ಕೆ.

ಆರ್ಡಿತ್: ನಾನು ಕೇಳಿದ ತಿಂಗಳಿಗೇ ಮಣ್ಣು ಕುಸೀತು ನೋಡು. ಅವರಿಗೂ ಮಾನ ಮರ್ಯಾದೆ ಇರುತ್ತಪ್ಪ, ಊರಿನ ಮಾತು ಕೇಳಿ ಇಳಿಸಿದ್ವಿ ಅಂತ ಬಾಯಿಬಿಟ್ಟು ಹೇಳ್ತಾರಾ?

ಲೂಮಿರ್: ಆರ್ಡಿತ್, ಒಂದ್ನಿಮಿಷ ಕೇಳು. ನೂರಮೂವತ್ತು ಬೋಗಿ. ಹತ್ತು ಮೈಲಿ ಅಂದ್ರೆ...

ಆರ್ಡಿತ್: ಬೋಗಿ ಎಷ್ಟಾದ್ರೂ ಇರ್ಲಿ, ತಟ್ಟೆ ಅಲ್ಲಾಡ್ದಿದ್ರೆ ಆಯ್ತು. ಡ್ವೇನ್, ಫೋನ್ ಇತ್ಲಾಗೆ ಕೊಡು.

ಸಂಜೆಯೊಳಗೆ ಅರ್ಧ ಊರಿಗೆ ಆಹ್ವಾನ ಹೋಯಿತು. ಸೋಮವಾರ ಎರಡೂ ನಲವತ್ತಕ್ಕೆ ಗೇಟಿನ ಬಳಿ ಬನ್ನಿ, ರೈಲು ನಮ್ಮ ಮಾತು ಕೇಳುವುದನ್ನು ನೋಡಿ, ಆಮೇಲೆ ಹಳಿಯಾಚೆಯ ಅಗ್ನಿಶಾಮಕ ಶೆಡ್ಡಿನಲ್ಲಿ ಕಾಫಿ, ಗಸಗಸೆ ಹೂರಣದ ಕೊಲಾಚೆ ಬನ್ನು. ರಾತ್ರಿ ಒಂಬತ್ತು ಡಜನ್ ಕೊಲಾಚೆ ಬೇಯಿಸಿ ಆರ್ಡಿತಳ ಸೊಂಟ ಬಿದ್ದುಹೋಗಿತ್ತು, ಆದರೂ ಹುರುಪು ಇಳಿದಿರಲಿಲ್ಲ.

ಸೋಮವಾರ ರೈಲು ಹೊಸ ಸೊಸೆ ಮನೆಗೆ ಬಂದಷ್ಟು ನಯವಾಗಿ ಬಂತು. ಜನ ಚಪ್ಪಾಳೆ ತಟ್ಟಿದರು. ಲೂಮಿರ್ ಕಿಟಕಿಯಿಂದ ಬಗ್ಗಿ ಟೋಪಿ ಎತ್ತಿದ.

ಆರ್ಡಿತ್: ನೋಡಿದ್ರಾ? ಗ್ಲೆಂಡಾ, ನೀನೂ ನೋಡಿದ್ಯಾ?

ಗ್ಲೆಂಡಾ: ನೋಡ್ತಾನೇ ಇದೀನಿ.

ಮೂರು ನಿಮಿಷವಾಯಿತು. ಬೋಗಿಯ ಹಿಂದೆ ಬೋಗಿ ಬರುತ್ತಲೇ ಇತ್ತು. ಐದು ನಿಮಿಷವಾಯಿತು. ಶಾಲೆಯ ಬಸ್ಸು ಬಂದು ನಿಂತಿತು, ಅದರ ಹಿಂದೆ ಹಾಲಿನ ಲಾರಿ, ಅದರ ಹಿಂದೆ ಹಾರ್ನು. ಎಂಬತ್ತನಾಲ್ಕರ ಮುದುಕಿ ಹವ್ಲಿಚೆಕಮ್ಮ ಊರುಗೋಲು ಕುಟ್ಟಿದಳು.

ಹವ್ಲಿಚೆಕಮ್ಮ: ಆರ್ಡಿತ್, ಶೌಚಾಲಯ ಇರೋದು ಆ ಕಡೆ ಅಲ್ವಾ?

ಆರ್ಡಿತ್: ಆ ಕಡೇನೇ ಅಮ್ಮ. ಇನ್ನೇನು ಮುಗೀತು.

ಹವ್ಲಿಚೆಕಮ್ಮ: ಮೊದ್ಲು ಬರ್ರ್ ಅಂತ ಹೋಗ್ಬಿಡ್ತಿತ್ತು. ಎರಡು ನಿಮಿಷದ ಕೆಲ್ಸ.

ಡ್ವೇನ್: ತೊಂಬತ್ತು ಬೋಗಿ ಆಯ್ತು ಅತ್ತಿಗೆ. ಇನ್ನೂ ನಲವತ್ತಿವೆ.

ಆರ್ಡಿತ್: ನಿಂಗೆ ಯಾರು ಎಣಿಸು ಅಂದ್ರು?

ಬಸ್ಸಿನ ಡ್ರೈವರು ಇಳಿದು ಬಂದ. ಹಾಲಿನವನೂ ಬಂದ. ಚಪ್ಪಾಳೆ ತಟ್ಟಿದ್ದ ಕೈಗಳೆಲ್ಲ ಸೊಂಟದ ಮೇಲೆ ಹೋಗಿದ್ದವು. ಗ್ಲೆಂಡಾ ಇದಕ್ಕೇ ಕಾದಿದ್ದವಳಂತೆ ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡಳು.

ಗ್ಲೆಂಡಾ: ಮೇಯರಮ್ಮ, ದಿನಾ ನಾಲ್ಕು ರೈಲು. ಒಂದೊಂದಕ್ಕೂ ಹೀಗೇ ನಿಲ್ಲೋದಾ? ಇದು ನಿಮ್ಮ ಕಾನೂನೇ ತಾನೆ?

ಎಲ್ಲರೂ ಆರ್ಡಿತಳತ್ತ ತಿರುಗಿದರು. ಅವಳಿಗೆ ಎಂಟು ವರ್ಷದ ಕುರ್ಚಿ ಒಂದೊಂದೇ ಬೋಗಿಯ ಜೊತೆ ಒಮಾಹಾಕ್ಕೆ ಹೋಗುತ್ತಿರುವಂತೆ ಕಂಡಿತು. ಬೆವರು ಒರೆಸಿಕೊಂಡಳು.

ಆರ್ಡಿತ್: ನಂದಾ? ಓದೋಕೆ ಬರುತ್ತೇನಮ್ಮ ನಿಂಗೆ? ನನ್ನ ಕಾನೂನಲ್ಲಿ ಬರೆದಿರೋದು ಇಪ್ಪತ್ತು. ಇದು ಓಡ್ತಿರೋದು ಹತ್ತು. ಈ ಹತ್ತು ವಾಷಿಂಗ್ಟನ್ನಿಂದು.

ಬಸ್ಸಿನ ಡ್ರೈವರು: ವಾಷಿಂಗ್ಟನ್ನಿಂದಾ?

ಆರ್ಡಿತ್: ಮತ್ತೆ? ಇಪ್ಪತ್ತಕ್ಕೆ ಓಡ್ಸಿದ್ರೆ ಅರ್ಧ ಹೊತ್ತು ಸಾಕಿತ್ತು. ಅಲ್ಲೆಲ್ಲೋ ಕೂತ್ಕೊಂಡು ಹತ್ತು ಅಂತ ಬರೆದು ಕಳಿಸ್ತಾರೆ. ಅವರು ಹೇಳಿದ್ಮೇಲೆ ಊರಿನ ಮೇಯರು ಮಾಡೋದೇನಿದೆ? ಬೇಕಾದ್ರೆ ನನ್ನ ಗಂಡನ್ನ ಕೇಳಿ.

ಹವ್ಲಿಚೆಕಮ್ಮ: ಆ ವಾಷಿಂಗ್ಟನ್ನಿನೋರಿಗೆ ನನ್ನ ವಯಸ್ಸಾಗ್ಬೇಕು, ಆಗ ಗೊತ್ತಾಗುತ್ತೆ. ನಾಳೆ ನಿಂಗೇ ವೋಟು, ಆರ್ಡಿತ್. ಮೊದ್ಲು ನನ್ನ ಆ ಕಡೆ ಸೇರ್ಸು.

ಹಾಲಿನವನೂ ಹೌದಲ್ಲವೇ ಎಂದು ತಲೆಯಾಡಿಸಿದ. ಡ್ವೇನ್ ಮಾತ್ರ ಜೇಬಿನಿಂದ ಚೀಟಿ ಪುಸ್ತಕ ತೆಗೆದು ಅತ್ತಿಗೆಯ ಕಿವಿಯ ಬಳಿ ಬಂದ.

ಡ್ವೇನ್: ವೇಗ ಎಲ್ಲಾ ವಾಷಿಂಗ್ಟನ್ನಿನೋರದೇ ಅಂದ್ಮೇಲೆ, ಅಣ್ಣನ ಚೀಟಿ ಹರಿದು ಹಾಕ್ಲಾ?

ಆರ್ಡಿತ್: ಹರಿದು ಹಾಕು. ಹೊಸದು ಬರಿ, ಎಂಟು ನಿಮಿಷ ರಸ್ತೆ ಅಡ್ಡಗಟ್ಟಿದ್ದಕ್ಕೆ. ಹಳಿ ಅವರದಾದ್ರೆ ಏನಂತೆ, ರಸ್ತೆ ನಮ್ಮದು.