ಹದಿನಾರು ಗುಂಡಿಯ ಡಬ್ಬಿ, ಒಬ್ಬ ಮಾವ

ನಮ್ಮ ಮಾವನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಕಿವಿಯಂತೂ ಮುಕ್ಕಾಲು ಪಾಲು ಕೇಳಿಸುತ್ತಿರಲಿಲ್ಲ. ಬಹುಶಃ ಅದಕ್ಕೇ ಇರಬೇಕು, ದಾವಣಗೆರೆಯಲ್ಲಿ ಸಿಂಥಸೈಜರ್ ಎಂಬ ಯಂತ್ರವನ್ನು ಪಳಗಿಸಿದ ಮೊದಲ ಮನುಷ್ಯ ಅವರೇ ಆದರು! ಹೀಗೆ ಹೇಳಿದರೆ ಈಗಿನ ಆರ್ಕೆಸ್ಟ್ರಾದವರು ನಗುತ್ತಾರೆ. ನಗಲಿ. ಆ ಯಂತ್ರದ ಜೊತೆ ಒಂದೇ ಸೂರಿನ ಕೆಳಗೆ ಇದ್ದುಕೊಂಡು ಬಿ.ಎಸ್ಸಿ. ಪಾಸು ಮಾಡಿದವಳು ನಾನು, ಅವರಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ; ಕಾಲೇಜು ಓದಲು ನಾನು ಅವರ ಮನೆಯಲ್ಲಿದ್ದೆ. ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುವ ಕೆಲಸ. ನೂರಾರು ಮಗ್ಗಗಳು ಒಟ್ಟಿಗೆ ಅರಚುವ ಜಾಗದಲ್ಲಿ ಇಪ್ಪತ್ತು ವರ್ಷ ನಿಂತರೆ ಯಾರ ಕಿವಿ ತಾನೇ ಉಳಿದೀತು? ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂದು ಅವರು ನಂಬಿದ್ದರು. ಹಾಗಾಗಿ ಅವರ ಗುಟ್ಟುಗಳೆಲ್ಲ ಬೀದಿಯ ಆಸ್ತಿ. "ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಐತೆ" ಎಂದು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರೆ ಎದುರು ಮನೆಯವರು ಬಟ್ಟಲಲ್ಲಿ ಉಪ್ಪು ತಂದುಕೊಡುತ್ತಿದ್ದರು! ಆದರೆ ಆ ಕಿವುಡಿಗೂ ಒಂದು ಶಿಸ್ತಿತ್ತು. "ರೇಷನ್ ತರಬೇಕು" ಎಂದು ಅತ್ತೆ ಎದುರಿಗೇ ನಿಂತು ಕೂಗಿದರೂ ಕೇಳಿಸುತ್ತಿರಲಿಲ್ಲ. "ಮಂಡಕ್ಕಿ, ಮಿರ್ಚಿ" ಎಂದು ಅಡುಗೆಮನೆಯಲ್ಲಿ ಗೊಣಗಿದರೂ ಪಡಸಾಲೆಯಿಂದ ಎದ್ದು ಬರುತ್ತಿದ್ದರು.

ಆ ಯಂತ್ರ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ, ಹರಿಹರದ ಬಸ್ಸಿನಲ್ಲಿ, ಮಸ್ತಾನ್ ಸಾಹೇಬರ ತೊಡೆಯ ಮೇಲೆ ಕೂತು. ಮೈತುಂಬ ಜಮಖಾನ ಹೊದ್ದಿತ್ತು. ಮಸ್ತಾನ್ ಸಾಹೇಬರು ಮಾವನಿಗೆ ಮೂರನೇ ಕ್ಲಾಸಿನಿಂದ ಗೆಳೆಯರು. ಹರಿಹರದಲ್ಲಿ ಮದುವೆ ಬ್ಯಾಂಡ್ ಕಟ್ಟಿದ್ದರು. ಅವರು ಡ್ರಮ್ಮು ಬಾರಿಸಿದರೆ ಮದುಮಗನ ಕುದುರೆಯೂ ತಾಳ ತಪ್ಪದೆ ನಡೆಯುತ್ತದೆ ಎಂದು ಜನ ಹೇಳುತ್ತಿದ್ದರು. ಆದರೆ ಹಿಂದಿನ ಮಳೆಗಾಲದಲ್ಲಿ ಲಕ್ವ ಹೊಡೆದು ಅವರ ಬಲಗೈ ಸೋತಿತ್ತು. ಚಹಾದ ಸಾಸರ್ ಹಿಡಿದರೂ ನಡುಗುತ್ತಿತ್ತು.

"ಹುಡುಗ್ರು ಕೆಟ್ಟೋರಲ್ಲ ತಂಗೆಮ್ಮಾ," ಎಂದರು ಅತ್ತೆಗೆ. "ಉಸ್ತಾದ್, ನೀವು ಸುಮ್ನೆ ಕುರ್ಚಿ ಮ್ಯಾಲೆ ಕೂಡ್ರಿ ಸಾಕು ಅಂತಾರೆ. ಎರಡು ಮದುವಿ ಕುಂತೆ. ಮೂರನೇದಕ್ಕೆ ಹೋಗ್ಲಿಲ್ಲ."

ಅವರ ಹೆಂಡತಿಯ ತಮ್ಮ ದುಬೈಯಿಂದ ಈ ಡಬ್ಬಿ ತಂದುಕೊಟ್ಟಿದ್ದ. ಅದು ತಾನೇ ಡ್ರಮ್ಮು ಬಾರಿಸುತ್ತದಂತೆ. ಅದರ ಹಿಂದೆ ಕೂತರೆ ಬ್ಯಾಂಡಿನಲ್ಲಿ ತನಗೂ ಒಂದು ಜಾಗ ಇರುತ್ತದೆ ಎಂಬುದು ಸಾಹೇಬರ ಆಸೆ. ಆದರೆ ಅದನ್ನು ಬಾರಿಸುವಂತೆ ಮಾಡುವುದು ಹೇಗೆ ಎಂದು ಹರಿಹರದಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಆರ್ಕೆಸ್ಟ್ರಾದ ಒಬ್ಬ ಮಹಾಶಯ ಒಂದು ಗಂಟೆ ತಿರುವಿ ಮುರುವಿ ನೋಡಿ "ಇದು ಕೆಟ್ಟೈತೆ" ಎಂದು ತೀರ್ಪು ಕೊಟ್ಟಿದ್ದನಂತೆ.

"ನೀನು ಆನೆಯಂಥ ಮಶೀನು ನಡೆಸೋನು. ಇದೆಷ್ಟು? ಕಲ್ತು ನಂಗೆ ಹೇಳಿಕೊಡು ದೋಸ್ತ್," ಎಂದರು ಸಾಹೇಬರು. ಅದು ಮಾವನಿಗೆ ಮೊದಲನೇ ಸಲಕ್ಕೇ ಕೇಳಿಸಿತು!

ಡಬ್ಬಿಗೆ ಹಾರ್ಮೋನಿಯಂನಂತೆ ಒಂದಿಷ್ಟು ಕಪ್ಪು ಬಿಳಿ ಮನೆ. ಕೆಳಗೆ ಸಾಲಾಗಿ ಹದಿನಾರು ಗುಂಡಿ, ಪ್ರತಿ ಗುಂಡಿಯ ನೆತ್ತಿಯ ಮೇಲೂ ಒಂದು ಕೆಂಪು ದೀಪ. ಜೊತೆಗೊಂದು ಇಂಗ್ಲಿಷ್ ಪುಸ್ತಕ. ನಾನು ವಿದ್ಯಾನಗರಕ್ಕೆ ಬಸ್ಸು ಹತ್ತಿ ಕಾಲೇಜಿಗೆ ಹೋಗುವವಳು ಎಂಬ ಒಂದೇ ಅಪರಾಧಕ್ಕೆ ಅನುವಾದದ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಓದುತ್ತಿದ್ದದ್ದು ಕಪ್ಪೆಯ ಜೀರ್ಣಾಂಗ!

"ಮೊದ್ಲು ಹೆಜ್ಜೆ ಆರಿಸ್ಬೇಕಂತೆ ಮಾವಾ, ಆಮೇಲೆ ಹೆಜ್ಜೆ ಬರೀಬೇಕಂತೆ," ಎಂದು ಕೂಗಿದೆ.

"ಹೆಜ್ಜೆ ಬರಿಯೋದು ಅಂದ್ರೆ ಏನೇ?"

"ನಂಗೇನು ಗೊತ್ತು? ಹಂಗೇ ಬರ್ದೈತೆ!"

"ಬರ್ದೋನಿಗಾದ್ರೂ ಗೊತ್ತೈತಾ, ಮುಂದೆ ಓದಿ ನೋಡು."

ಕಡೆಗೆ ಮಾವ ಪುಸ್ತಕವನ್ನು ಮುಚ್ಚಿ, ಒಂದನ್ನು ಒತ್ತಿ ಇನ್ನೊಂದನ್ನು ಬಿಟ್ಟರೆ ಪಕ್ಷಪಾತವಾದೀತು ಎಂದು ಹದಿನಾರೂ ಗುಂಡಿಗಳನ್ನು ಒತ್ತಿದರು. ಡುಂ ಡುಂ ಡುಂ ಡುಂ! ಶುರುವಾಯಿತು. ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಮಾವನಿಗೆ ನಿಲ್ಲಿಸುವ ಅವಸರವೂ ಇಲ್ಲ, ಯಾಕೆಂದರೆ ಅವರಿಗೆ ಕೇಳಿಸುತ್ತಲೇ ಇಲ್ಲವಲ್ಲ! ಎದುರು ಮನೆಯವರು ಬಂದರು, ಪಕ್ಕದ ಮನೆಯವರು ಬಂದರು, ಹಾಲಿನವನು ಎಮ್ಮೆಯ ಪರವಾಗಿ ಬಂದ. ಅತ್ತೆ ಸೌಟು ಹಿಡಿದು ಹೊರಗೆ ಬಂದರು.

"ಇಷ್ಟು ದಿನ ಮಿಲ್ಲು ಮುಗಿಸ್ಕೊಂಡು ಮನೀಗೆ ಬರ್ತಿದ್ರಿ. ಈಗ ಮಿಲ್ಲನ್ನೇ ಮನೀಗೆ ತಂದ್ರಾ? ದೆವ್ವ ಬಿಡಿಸಾಕೆ ಉಕ್ಕಡಗಾತ್ರಿ ಅಜ್ಜಯ್ಯನ ಹತ್ರ ಕರ್ಕೊಂಡು ಹೋಗ್ಬೇಕು, ಇದನ್ನೋ ನಿಮ್ಮನ್ನೋ ಗೊತ್ತಾಗ್ವಲ್ದು!"

ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಹೋದದ್ದಕ್ಕೆ ಇಡೀ ಬೀದಿ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ಕರೆಂಟು ವಾಪಸು ಬಂದಾಗ ಯಂತ್ರಕ್ಕೆ ಕಲಿತದ್ದೆಲ್ಲ ಮರೆತುಹೋಗಿತ್ತು. ಪರೀಕ್ಷೆಯ ಹಾಲಿನಲ್ಲಿ ನನ್ನದೂ ಅದೇ ಅವಸ್ಥೆಯಾದ್ದರಿಂದ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು.

ನಾಲ್ಕನೇ ದಿನ ಮಾವ ಚಹಾ ಕುಡಿಯುತ್ತಾ, ಎಡದಿಂದ ಬಲಕ್ಕೆ ಓಡುವ ಕೆಂಪು ದೀಪಗಳನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು ಅರಚಿದರು. "ಏ, ಇದು ಡಾಬಿ ಕಣೇ!"

ಡಾಬಿ ಎಂದರೆ ಮಗ್ಗದ ತಲೆಯ ಮೇಲೆ ಕೂರುವ ಒಂದು ಸಾಧನ. ತೂತು ಕೊರೆದ ಮರದ ಪಟ್ಟಿಗಳ ಮಾಲೆಯೊಂದು ಅದರಲ್ಲಿ ಸುತ್ತುತ್ತಿರುತ್ತದೆ. ತೂತಿಗೆ ಮರದ ಮೊಳೆ ಹಾಕಿದರೆ ಆ ಸರದಿ ಬಂದಾಗ ಎಳೆ ಮೇಲೇಳುತ್ತದೆ, ಖಾಲಿ ಬಿಟ್ಟರೆ ಏಳುವುದಿಲ್ಲ. ಮಾಲೆ ಸುತ್ತಿ ಸುತ್ತಿ ಬಂದಂತೆ ಬಟ್ಟೆಯ ಅಂಚಿನಲ್ಲಿ ಚಿತ್ತಾರ ಮೂಡುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಮೊಳೆಯನ್ನೂ ತಪ್ಪಿಸದವನು ತಾನು ಎಂಬುದು ಮಾವನ ಒಂದೇ ಒಂದು ಜಂಬ. ಈಗ ಗುಂಡಿಯೇ ತೂತು, ಒತ್ತಿದರೆ ಮೊಳೆ, ಬಿಟ್ಟರೆ ಖಾಲಿ. ಇಂಗ್ಲಿಷ್ ಪುಸ್ತಕ ಅರವತ್ತು ಪುಟಗಳಲ್ಲಿ ಹೇಳಲಾಗದ್ದನ್ನು ಮಾವ ಒಂದು ಲೋಟ ಚಹಾದಲ್ಲಿ ಮುಗಿಸಿದರು!

ಅಂದಿನಿಂದ ಮಿಲ್ಲಿನ ಚೌಕುಳಿ ಹಾಳೆ ಮನೆಗೆ ಬಂತು. ಸಾಲಿಗೆ ಹದಿನಾರು ಮನೆ. ಪೆಟ್ಟು ಬೇಕಾದ ಮನೆಗೆ ಕೆಂಪು ಪೆನ್ಸಿಲ್ಲು. ತಾಳ ಗೊತ್ತಿಲ್ಲದ ಮನುಷ್ಯ ತಾಳವನ್ನು ಎಲ್ಲಿಂದ ತಂದಾರು? ಅತ್ತೆಯ ಸೀರೆಯಿಂದ! ಅಂಚಿನ ಚಿತ್ತಾರ ಎಣಿಸಿ ಯಂತ್ರಕ್ಕೆ ತುಂಬಿದರು. ಅದು ಕುಂಟು ಕುದುರೆ ಮೆಟ್ಟಿಲಿಳಿದಂತೆ ಬಾರಿಸಿತು. ಟವೆಲ್ಲಿನ ಅಂಚು ಹಾಕಿದರು, ಪರವಾಗಿಲ್ಲ ಎನಿಸಿತು. ಸಾಹೇಬರ ಜಮಖಾನದ ಪಟ್ಟೆ ಹಾಕಿದಾಗ ಮಾತ್ರ ನನ್ನ ಕಾಲು ತಾನಾಗಿ ಕುಣಿಯಿತು. ಅತ್ತೆ ಉಳಿದ ಸೀರೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ಆಮೇಲೆ ಪ್ರತಿ ಭಾನುವಾರ ಸಾಹೇಬರು ಬಂದು ಎಡಗೈಯಲ್ಲಿ ತೊಡೆ ತಟ್ಟಿ ತಾಳ ತೋರಿಸುತ್ತಿದ್ದರು. ಅವರ ಮದುವೆ ತಾಳದಲ್ಲಿ ಹದಿನಾರು ಮನೆಗೂ ಪೆಟ್ಟುಂಟು, ಕೆಲವು ಜೋರು, ಕೆಲವು ಮೆಲ್ಲಗೆ. ಮಾವ ನೋಡಿ ನೋಡಿ ಹಾಳೆಗಿಳಿಸುತ್ತಿದ್ದರು. ಯಂತ್ರ ಸರಿಯಾಗಿ ಬಾರಿಸುತ್ತಿದೆಯೋ ಎಂದು ತಿಳಿಯಲು ಅದರ ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದರು, ಜ್ವರ ಬಂದ ಮಗುವನ್ನು ಮುಟ್ಟಿ ನೋಡಿದಂತೆ. ಎಲ್ಲ ಸರಿಯಾಗುತ್ತಿತ್ತು, ಒಂದನ್ನು ಬಿಟ್ಟು. ಹದಿಮೂರನೇ ಮನೆ ಯಾವಾಗಲೂ ಖಾಲಿ!

"ಏ, ಒಂದು ಪೆಟ್ಟು ತಿಂದು ಹಾಕೈತಲ್ಲೋ ನಿನ್ನ ಡಬ್ಬಿ!" ಎಂದು ಸಾಹೇಬರು ಕೂಗಿದರು.

"ತಿನ್ಲಿ ಬಿಡು, ಹಸಿವಾಗಿರಬೇಕು."

ನಾನೂ ಕೂಗಿ ಹೇಳಿದೆ. ಕೇಳಿಸಲಿಲ್ಲ. ಚೀಟಿ ಬರೆದು ಹಿಡಿದೆ. ಕನ್ನಡಕ ಸಿಗಲಿಲ್ಲ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಸಾಹೇಬರ ಬ್ಯಾಂಡು ಬಾರಿಸಬೇಕಿದ್ದ ಹರಿಹರದ ಮದುವೆಯೊಂದರ ದಿನ ಬಂತು. ಅತ್ತೆ, ನಾನು ಇಬ್ಬರೂ ಹೋಗಿದ್ದೆವು. ಮೊದಲ ಸಮಸ್ಯೆ ಕ್ಲಾರಿನೆಟ್ ಊದುವವನದು. "ಇದಕ್ಕೆ ಕರೆಂಟು ಬೇಕಲ್ರೀ. ಮೆರವಣಿಗಿಗೆ ಹೆಂಗೆ ಒಯ್ಯೋದು?"

"ಮದುಮಗನ್ನ ಪ್ಲಗ್ಗಿನ ಸುತ್ತಾನೇ ತಿರುಗಿಸ್ರಿ," ಎಂದರು ಮಾವ.

ಕಡೆಗೆ ಕಲ್ಯಾಣ ಮಂಟಪದ ಒಳಗೇ ಬಾರಿಸುವುದೆಂದಾಯಿತು. ಮಾವ ಹಟ ಹಿಡಿದು ಸಾಹೇಬರ ಹಳೆಯ ಡ್ರಮ್ಮನ್ನೂ ಯಂತ್ರದ ಪಕ್ಕದಲ್ಲೇ ಇಡಿಸಿದರು. "ಹೊಸ ಜಾಗ, ಡಬ್ಬಿಗೆ ಹೆದರಿಕೆ ಆಗಬಾರದು" ಎಂದರು. ವಾದ್ಯ ಶುರುವಾಯಿತು. ಹದಿಮೂರನೇ ಪೆಟ್ಟಿನ ಜಾಗ ಬಂದಾಗಲೆಲ್ಲ ಸಾಹೇಬರ ಮುಖ ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಆಗುತ್ತಿತ್ತು. ಮೂರು ಸುತ್ತು ತಡೆದುಕೊಂಡರು. ನಾಲ್ಕನೇ ಸುತ್ತಿಗೆ ಅವರ ಎಡಗೈ ಕೋಲೆತ್ತಿ ಡ್ರಮ್ಮಿಗೆ ಹೊಡೆಯಿತು. ಢಣ್! ಬ್ಯಾಂಡಿನವರೆಲ್ಲ ತಿರುಗಿ ನೋಡಿದರು. ಮಾವ ಮಾತ್ರ ಮಂಟಪದ ಬಣ್ಣದ ಕಾಗದದ ಅಲಂಕಾರವನ್ನೇ ನೋಡುತ್ತಾ ನಿಂತಿದ್ದರು. ಎಂಥ ಅದೃಷ್ಟವಂತ, ಮಾಡಿದ ತಪ್ಪು ಮುಚ್ಚಿಹೋಯಿತಲ್ಲ ಎಂದುಕೊಂಡೆ ನಾನು.

ಯಂತ್ರ ಸಾಹೇಬರ ಮನೆಯಲ್ಲೇ ಉಳಿಯಿತು. ಭಾನುವಾರ ಭಾನುವಾರ ಮಾವ ಹೊಸ ಹಾಳೆ ಮಡಚಿಕೊಂಡು ಹರಿಹರಕ್ಕೆ ಹೋಗಿ ಗುಂಡಿ ತುಂಬಿ ಬರುತ್ತಿದ್ದರು. ಆದರೆ ಹಾಳೆಯಲ್ಲಿ ಖಾಲಿ ಮನೆ ಒಂದಿದ್ದದ್ದು ಎರಡಾಯಿತು. ಸಂಕ್ರಾಂತಿಯ ಹೊತ್ತಿಗೆ ಐದಾಯಿತು. "ಕಿವಿ ಹೋತು, ಈಗ ಕಣ್ಣೂ ಹೊಂಟೈತೆ," ಎಂದು ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. ಒಂದೂ ಮೊಳೆ ತಪ್ಪಿಸದ ಮನುಷ್ಯ! ಸಾಹೇಬರ ಮುಂದೆ ಮಾವನ ಮರ್ಯಾದೆ ಉಳಿಯಲಿ ಎಂದು, ಅವರು ಸ್ನಾನಕ್ಕೆ ಹೋದಾಗ ಕೆಂಪು ಪೆನ್ಸಿಲ್ಲು ತೆಗೆದು ಮೂರು ಮನೆ ತುಂಬಿಬಿಟ್ಟೆ.

ಅವತ್ತು ಸಂಜೆ ಹರಿಹರದಿಂದ ಬಂದ ಮಾವ ಚಪ್ಪಲಿಯನ್ನೂ ಬಿಡಲಿಲ್ಲ.

"ಯಾರು ತುಂಬಿದ್ದು ಇದನ್ನ? ಹಾಳೆ ನೋಡಿ ನೋಡಿ ಒತ್ತಿಬಿಟ್ಟೆ ನಾನು! ಅವ್ನು ಇವತ್ತು ಬಲಗೈ ಎತ್ತಿದ್ದ ಕಣೇ! ಎತ್ತಿದ ಕೈ ಮ್ಯಾಲೇ ನಿಂತ್ಕಂತು. ಹೊಡಿಯಾಕೆ ಜಾಗಾನೇ ಇರ್ಲಿಲ್ಲ!"

ಬೀದಿಗೆಲ್ಲ ಕೇಳಿಸಿತು. ಖಾಲಿ ಮನೆಗಳು ಯಾರ ಕೈಗೆಂದು ಬಿಟ್ಟವು ಎಂದು ನನಗೆ ಆಗ ಅರ್ಥವಾಯಿತು. ಅಳು ಬಂತು. ಅತ್ತೆ ಒಳಗೆ ಹೋಗಿ ಮಿರ್ಚಿಗೆ ಹಿಟ್ಟು ಕಲಸಿದರು.

ನನ್ನ ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿದ್ದ ಒಂದು ಭಾನುವಾರ, ಮಾವ ಬಸ್ಸಿಗೆ ಹೊರಡುವ ಮುಂಚೆ ಹಾಳೆಯನ್ನು ನನ್ನ ಕೈಗಿತ್ತು "ಸರಿ ಐತಾ ನೋಡು" ಎಂದರು. ನೋಡಿದೆ. ಹದಿನಾರು ಮನೆಗಳಲ್ಲಿ ಒಂದೂ ಕೆಂಪು ಗುರುತಿರಲಿಲ್ಲ.

"ಸರಿ ಐತೆ ಮಾವಾ," ಎಂದೆ.

ಸಂಜೆ ಬಂದಾಗ ಅವರ ಕಂಕುಳಲ್ಲಿ ಯಂತ್ರವಿತ್ತು, ಅದೇ ಜಮಖಾನ ಹೊದ್ದು. "ಯಾಕ್ರಿ, ಕೆಟ್ಟೋತಾ?" ಎಂದು ಅತ್ತೆ ಕೇಳಿದರು. ಮಾವ ಇಲ್ಲವೆಂದು ತಲೆಯಾಡಿಸಿ ಅದನ್ನು ಕಪಾಟಿನ ಮೇಲಿಟ್ಟರು. ನಾನು ಅವರ ಕಿವಿಯ ಹತ್ತಿರ ಹೋಗಿ, ಸಾಹೇಬರು ಹೆಂಗೆ ಬಾರಿಸಿದರು ಎಂದು ಕೂಗಿದೆ.

"ನಂಗೆಲ್ಲಿ ಕೇಳ್ತೈತೆ?" ಎಂದರು. ತಮ್ಮ ಅಂಗೈಯನ್ನೇ ನೋಡಿಕೊಂಡರು. "ಡ್ರಮ್ಮಿನ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ದೆ. ಎಣಿಸ್ದೆ. ಹದಿನಾರೂ ಇದ್ವು."

ಮಾವ ಅಷ್ಟು ಮೆಲ್ಲಗೆ ಮಾತಾಡಿದ್ದು ಅದೊಂದೇ ಸಲ. ಎದುರು ಮನೆಯವರಿಗೂ ಕೇಳಿಸಲಿಲ್ಲ.