ಸಮುದ್ರಕ್ಕೆ ಹೋಗಿ ಬಾವಿ ಬರೆದದ್ದು

ಜಗಳ ಮಾಡುವವನ ಬದುಕಿನಲ್ಲಿ ನಗು ಇರುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ತಪ್ಪು. ನಾನು ಹಲ್ಲು ಕಚ್ಚಿಕೊಂಡು ಮನೆಯಿಂದ ಹೊರಟಾಗಲೆಲ್ಲ ಏನಾದರೊಂದು ನಗೆಪಾಟಲು ನನಗಿಂತ ಮೊದಲೇ ಹೋಗಿ ದಾರಿಯಲ್ಲಿ ಕಾದು ಕೂತಿರುತ್ತದೆ. ನಿಜಾಮರ ರಾಜ್ಯದಲ್ಲಿ ಹುಟ್ಟಿದವನಿಗೆ ಇದಕ್ಕೆ ಅರ್ಜಿ ಕೂಡ ಹಾಕಬೇಕಾಗಿಲ್ಲ, ತಾನಾಗಿಯೇ ಮಂಜೂರಾಗುತ್ತದೆ.

ಬಾವಿಯೇ ಇಲ್ಲ

ನಾರಾಯಣಪೇಟೆಯ ನಮ್ಮ ನೇಕಾರರ ಓಣಿಗೆ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ಜಾಗೀರದಾರರ ಆಸ್ತಿ ನೋಡಿಕೊಳ್ಳುವ ಕಾರಭಾರಿ ಅದರ ಸುತ್ತ ಆಳೆತ್ತರದ ಗೋಡೆ ಎಬ್ಬಿಸಿ, ಬಾಗಿಲಿಗೆ ಬೀಗ ಜಡಿದು, ಒಳಗೆ ನಿಂಬೆಗಿಡ ಹಚ್ಚಿದ. ನಮ್ಮ ಹೆಂಗಸರು ಕೊಡ ಹೊತ್ತು ಊರಾಚೆಯ ಹಳ್ಳಕ್ಕೆ ನಡೆಯತೊಡಗಿದರು. ನಾನು ಕನ್ನಡದಲ್ಲಿ ಅರ್ಜಿ ಬರೆದೆ. ಅದು ಸರ್ಕಾರಿ ಭಾಷೆಯಲ್ಲ ಎಂದು ವಾಪಸು ಬಂತು. ಉರ್ದುವಿನಲ್ಲಿ ಬರೆಸಿದೆ. ಅದಕ್ಕೆ ಕಾರಭಾರಿ ಒಂದೇ ಸಾಲಿನ ಜವಾಬು ಕೊಟ್ಟ: ಆ ಜಾಗದಲ್ಲಿ ಬಾವಿಯೇ ಇಲ್ಲ, ಎಂದೂ ಇರಲಿಲ್ಲ. ಕಚೇರಿ ನಂಬಿತು. ಕಚೇರಿಗೆ ಬಾಯಾರಿಕೆ ಆಗುವುದಿಲ್ಲವಲ್ಲ.

ಭಾಷಣ ಮಾಡೋಣವೆಂದರೆ ನಾಲ್ಕು ಜನ ಸೇರಲು ಸರ್ಕಾರದ ಅಪ್ಪಣೆ, ಇಜಾಜತ್, ಬೇಕು. ಗೋಡೆಗೆ ಬರೆದು ಅಂಟಿಸೋಣವೆಂದರೆ ಓಣಿಯಲ್ಲಿ ಓದು ಬರುವವನು ನಾನೊಬ್ಬನೇ; ನಾನು ಬರೆದದ್ದನ್ನು ನಾನೇ ನಿಂತು ಓದಬೇಕು. ಹಾಗಾದರೆ ಚಿತ್ರ ಬರೆಯಬೇಕು, ಬಾವಿ, ಬೀಗ, ಕಾರಭಾರಿ, ಮೂರೂ ಒಂದೇ ಕಡೆ ಎಲ್ಲರಿಗೂ ಕಾಣುವ ಹಾಗೆ, ಎಂದು ನಿಶ್ಚಯಿಸಿದೆ. ಆದರೆ ಅಕ್ಷರವನ್ನೇ ಮರಳಿನ ಮೇಲೆ ಬೆರಳಾಡಿಸಿ ನಾನೇ ಕಲಿತವನು. ಚಿತ್ರ ಯಾರು ಕಲಿಸಿದ್ದರು? ಅಂಗಳದಲ್ಲಿ ಇದ್ದಿಲಿನಿಂದ ಒಂದು ಬಾವಿ ಬರೆದು ಹೆಂಡತಿಯನ್ನು ಕರೆದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ರೊಟ್ಟಿ ಚಲೋ ಬಂದೈತಿ. ಒಂದು ಕಡೀಗೆ ಸ್ವಲ್ಪ ಹೊತ್ತೈತಿ" ಎಂದಳು.

ಬೇರೆ ಬೇರೆ ಡಬ್ಬಿ

ಮಕ್ತಲದ ವಕೀಲರೊಬ್ಬರಿಗೆ ಮೈಸೂರು ಸೀಮೆಯ ಡ್ರಾಯಿಂಗ್ ಮಾಸ್ತರರೊಬ್ಬರು ಹಳೆಯ ಗೆಳೆಯರು. ಆ ಮಾಸ್ತರರು ಇಂಗ್ರೇಜಿ ಸೀಮೆಯ ಸಮುದ್ರದ ದಂಡೆಯಲ್ಲಿ, ಒಂದು ಬೆಸ್ತರ ಹಳ್ಳಿಯಲ್ಲಿ, ಎಂಟು ದಿನ ಕೂತು ಚಿತ್ರ ಬರೆಯುವ ಏರ್ಪಾಟು ಮಾಡಿದ್ದರು. ವಕೀಲರು ಮನಸ್ಸಿನ ಶಾಂತಿಗಾಗಿ ಹೊರಟರು. ಗದ್ವಾಲದ ನೇಕಾರನೊಬ್ಬ ಸೀರೆಗೆ ಹೊಸ ಅಂಚು ಸಿಕ್ಕೀತೇ ಎಂದು ಹೊರಟ. ನಾನು ಬಾವಿಗಾಗಿ ಹೊರಟೆ. ವಕೀಲರಿಗೆ ಪೆಟ್ಟಿಗೆ ಹೊರಲು ಒಬ್ಬ ಬೇಕಾಗಿದ್ದ, ಆದ್ದರಿಂದ ಒಪ್ಪಿದರು. ಒಂದು ಷರತ್ತು: "ಅಲ್ಲಿ ಬಾವಿ ಸುದ್ದಿ ಎತ್ತಬಾರದು."

"ಇಲ್ರಿ, ಬಿಡ್ರಿ" ಎಂದೆ. ಸುಳ್ಳು ಹೇಳಲು ದೊಡ್ಡವರಿಗೆ ಮಾತ್ರ ಬರುತ್ತದೆಯೇ?

ಗದ್ವಾಲ ಸ್ಟೇಷನ್ನಿನಲ್ಲಿ ಒಬ್ಬ ಪೊಲೀಸ್ ಜವಾನ ನಮ್ಮನ್ನು ತಡೆದ.

"ಎಲ್ಲಿಗಿ ಹೊಂಟೀರಿ?"

"ಸಮುದ್ರಕ್ಕ."

"ಯಾತಕ್ಕ?"

"ನೋಡಾಕ. ನೋಡಿ ಚಿತ್ರಾ ಬರಿಯಾಕ."

ಅವನು ಯೋಚಿಸಿದ. ಸಭೆಗೆ ನಿಯಮವಿತ್ತು, ಮೆರವಣಿಗೆಗೆ ನಿಯಮವಿತ್ತು, ಗರಡಿ ಮನೆಗೂ ನಿಯಮವಿತ್ತು. ನಮ್ಮ ರಾಜ್ಯಕ್ಕೆ ಸಮುದ್ರವೇ ಇಲ್ಲದ್ದರಿಂದ ಅದನ್ನು ನೋಡುವುದಕ್ಕೆ ನಿಯಮ ಮಾಡಲು ಯಾರಿಗೂ ಹೊಳೆದಿರಲಿಲ್ಲ.

"ಎಷ್ಟು ಮಂದಿ ಕೂಡತೀರಿ?"

"ಅಲ್ಲಿಯ ಮಾಸ್ತರರು ಕೂಡಿ ನಾಲ್ಕು."

"ಹಂಗಾದ್ರ ಅದು ಜಲ್ಸಾ, ಸಭಾ ಆಗತೈತಿ. ಇಜಾಜತ್ ಬೇಕು."

"ಕೂಡೂದು ಇಂಗ್ರೇಜಿ ಸೀಮ್ಯಾಗ್ರಿ" ಎಂದರು ವಕೀಲರು, ಕಾಯಿದೆ ತಿಳಿದವರು.

"ಅಲ್ಲಿ ಬೇಕಾದ್ದು ಮಾಡ್ರಿ. ನಮ್ಮ ಹದ್ದಿನ್ಯಾಗ ಇರೂತನಕ ಮೂರೂ ಮಂದಿ ಬ್ಯಾರೆ ಬ್ಯಾರೆ ಡಬ್ಬಿನ್ಯಾಗ ಕುಂದರ್ರಿ. ಬಸ್."

ಕುಳಿತೆವು. ಇಟಿಕ್ಯಾಲದ ಹೊಲಗಳು ಹೋದವು, ಉಂಡವಳ್ಳಿಯ ಕಡೆಯ ಕರಿಮಣ್ಣು ಹೋಯಿತು. ನಾನು ಒಂದು ಡಬ್ಬಿಯಲ್ಲಿ ವಕೀಲರ ಪೆಟ್ಟಿಗೆ ತಬ್ಬಿಕೊಂಡು, ಅವರು ಇನ್ನೊಂದರಲ್ಲಿ ಕೈ ಬೀಸಿಕೊಂಡು. ತುಂಗಭದ್ರೆಯ ಸೇತುವೆ ದಾಟಿದ ಮೇಲಿನ ಸ್ಟೇಷನ್ನಿನಲ್ಲಿ ಅವರು ಓಡುತ್ತ ನನ್ನ ಡಬ್ಬಿಗೆ ಬಂದು ಏದುಸಿರು ಬಿಟ್ಟರು.

"ಈಗ ನಾವು ಸ್ವತಂತ್ರರು. ಏನು ಬೇಕಾದ್ರೂ ಮಾತಾಡು" ಎಂದರು. "ಬಾವಿ ಒಂದು ಬಿಟ್ಟು."

ಮೌನ

ಮಾಸ್ತರರು ಉದ್ದ ಕೂದಲಿನ, ಮೆಲುದನಿಯ ಮನುಷ್ಯ. ಮೊದಲ ದಿನವೇ ಅಪ್ಪಣೆ ಮಾಡಿದರು: "ಇವತ್ತು ಯಾರೂ ಬರೆಯಬಾರದು, ಮಾತಾಡಬಾರದು. ಸುಮ್ಮನೆ ಸಮುದ್ರವನ್ನು ನೋಡಿ."

ಸುಮ್ಮನಿರುವುದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ? ಊರಿನಲ್ಲಿ ಆ ಸೌಕರ್ಯವನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಆದರೂ ಕೂತೆ. ನಾಲ್ವರೂ ಸಾಲಾಗಿ ಮರಳಿನ ಮೇಲೆ ಕೂತು ನೀರನ್ನೇ ದಿಟ್ಟಿಸಿದೆವು. ವಕೀಲರ ಕಣ್ಣಿಗೆ ಉಪ್ಪುಗಾಳಿ ಹೊಡೆದು ನೀರು ಇಳಿಯತೊಡಗಿತು.

ಮೀನು ಒಣಗಿಸುತ್ತಿದ್ದ ಬೆಸ್ತರ ಹೆಂಗಸೊಬ್ಬಳು ನಮ್ಮನ್ನು ಬಹಳ ಹೊತ್ತು ನೋಡಿದಳು. ಬುಟ್ಟಿ ಕೆಳಗಿಟ್ಟು ಬಂದು ವಕೀಲರ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಇನ್ನೂ ಮೂವರು ಬಂದರು. ಅವಳು ತೆಲುಗಿನಲ್ಲಿ ಕೇಳಿದಳು: ನಿಮ್ಮವರ ದೋಣಿ ಯಾವತ್ತು ಹೋಯಿತು? ಎಷ್ಟು ಜನ ಇದ್ದರು?

ವಕೀಲರು ಮೌನವ್ರತ ಮುರಿಯಲಿಲ್ಲ. ತಲೆ ಅಲ್ಲಾಡಿಸಿದರು, ಕಣ್ಣೊರೆಸಿಕೊಂಡರು. ಅಷ್ಟು ಸಾಕಾಯಿತು. ನಾಲ್ವರು ಹೆಂಗಸರೂ ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. ಗದ್ವಾಲದ ನೇಕಾರ ಮೆತ್ತಗಿನ ಜೀವ. ಯಾರಿಗಾಗಿ ಎಂದು ಗೊತ್ತಿಲ್ಲದಿದ್ದರೂ ಅವನೂ ಅತ್ತ.

ನನ್ನಿಂದ ತಡೆಯಲಾಗಲಿಲ್ಲ. "ಯಾರೂ ಸತ್ತಿಲ್ಲ ತಾಯಿ" ಎಂದು ತೆಲುಗಿನಲ್ಲಿ ಕೂಗಿದೆ. "ನಮಗೆ ಏನೂ ಆಗಿಲ್ಲ. ಹಾಡಹಗಲು ಕೆಲಸ ಬಿಟ್ಟು ಸುಮ್ಮನೆ ನೀರು ನೋಡುತ್ತ ಕೂತಿದ್ದೇವೆ, ಅಷ್ಟೇ."

ಆಗ ಅವಳಿಗೆ ನಿಜವಾಗಿಯೂ ದುಃಖವಾಯಿತು.

ವಕೀಲರ ದೋಣಿ

ಎರಡನೆಯ ದಿನ ದೋಣಿ ಬರೆಯಲು ಹೇಳಿದರು. ವಕೀಲರ ದೋಣಿ ಪರವಾಗಿಲ್ಲ, ತೇಲುವಂತಿತ್ತು. ಆದರೆ ಅದರ ಕೆಳಗೆ ಅವರು ಚಕ್ಕುಬಂದಿ ಬರೆದರು. ಮಾಸ್ತರರು "ಇದೇನು?" ಎಂದರೆ, "ನಾಲ್ಕು ದಿಕ್ಕಿನ ಗಡಿ ಕಾಣಿಸದ ನಕಾಶೆ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ" ಎಂದರು. ನಾನು ಬಗ್ಗಿ ಓದಿದೆ. ಪಶ್ಚಿಮಕ್ಕೆ ತಾಳೆಮರ. ಉತ್ತರಕ್ಕೆ ಒಣಮೀನಿನ ಚಪ್ಪರ. ದಕ್ಷಿಣಕ್ಕೆ ಮಲಗಿದ ನಾಯಿ. ಪೂರ್ವಕ್ಕೆ ನೀರು, ಮಾಲೀಕರ ಹೆಸರು ತಿಳಿದುಬಂದಿಲ್ಲ.

ನಾಲ್ಕು ಬೆರಳು ಸಮುದ್ರ

ಗದ್ವಾಲದ ನೇಕಾರನ ಕೈ ಮಾತ್ರ ಕೈ. ಅವನು ಕಾಗದದ ಒಂದು ಮೂಲೆಯಲ್ಲಿ ಸಣ್ಣ ಸಣ್ಣ ಚೌಕ ಹಾಕಿ, ನಾಲ್ಕು ಬೆರಳಗಲದಲ್ಲಿ ಒಂದೇ ಒಂದು ಅಲೆ ಬರೆದ. ನೊರೆ, ತಿರುವು, ಒಳಗಿನ ನೆರಳು, ಎಲ್ಲ ಎಣಿಸಿ ಕೂರಿಸಿದ ಹಾಗೆ. ಬರೆದು, ಕೈ ಒರೆಸಿಕೊಂಡು, ಎಲೆಯಡಿಕೆ ಚೀಲ ಬಿಚ್ಚಿದ.

ಮಾಸ್ತರರು ಕುಣಿಯುವುದೊಂದು ಬಾಕಿ. "ಅದ್ಭುತ! ಅದ್ಭುತ! ಉಳಿದ ಸಮುದ್ರ ಎಲ್ಲಿ?"

"ಉಳಿದದ್ದೂ ಇದs ಐತ್ರಿ."

"ಅಂದರೆ?"

"ಒಂದು ಅಂಚು ಬರದು ಕೊಟ್ರ ಸೀರಿ ಪೂರ್ತಿ ಅದನ್ನs ನೇಯತಾರ್ರಿ. ಬರದದ್ದನ್ನs ಬರದು ಕಾಗದಾ ಯಾಕ ಕೆಡಿಸೂದು?"

"ಅಯ್ಯೋ, ಹಾಗಲ್ಲಪ್ಪ! ಒಂದು ಅಲೆಯ ಹಾಗೆ ಇನ್ನೊಂದು ಅಲೆ ಇರುವುದೇ ಇಲ್ಲ. ನೋಡು, ಕಣ್ಣು ಬಿಟ್ಟು ನೋಡು!"

ನೇಕಾರ ಎಲೆಯಡಿಕೆ ಅಗಿಯುತ್ತ ಸಮುದ್ರದ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಒಂದು ಅಲೆ ಗಿಡ್ಡ, ಒಂದು ಉದ್ದ, ಒಂದು ಸೊಟ್ಟ. ಕೊನೆಗೆ ಉಗುಳಿ ಬಂದು ಮರುಕದಿಂದ ಹೇಳಿದ: "ಖರೇ ಐತ್ರಿ. ನೇಯ್ದಾಂವಗ ಇನ್ನೂ ಕೈ ಕುಂತಿಲ್ಲ."

ದೂರದ್ದು ಸಣ್ಣದು

ನಾನು ಉಳಿದ ಏಳು ದಿನವೂ ಬಾವಿಯನ್ನೇ ಬರೆದೆ. ಮಾಸ್ತರರ ತಾಳ್ಮೆ ಕೆಟ್ಟಿತು.

"ಇಷ್ಟು ದೊಡ್ಡ ನೀರು ಎದುರಿಗಿದೆ. ನಿಮಗೆ ಬಾವಿಯೇ ಯಾಕೆ ಬೇಕು?"

"ಇದನ್ನ ಕುಡಿಯಾಕ ಬರತೈತೇನ್ರಿ?"

ವಕೀಲರು ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ನಾನು ಬಿಡಲಿಲ್ಲ. ಗೋಡೆಯ ಕಥೆ, ಬೀಗದ ಕಥೆ, ಹಳ್ಳಕ್ಕೆ ನಡೆಯುವ ಹೆಂಗಸರ ಕಥೆ, ಎಲ್ಲ ಹೇಳಿದೆ. ಮಾಸ್ತರರಿಗೆ ಕನಿಕರ ಬಂತು. "ಸರಿ, ಕಲಿಸುತ್ತೇನೆ. ಮೊದಲ ನಿಯಮ ಇದು. ದೂರದ್ದು ಸಣ್ಣದಾಗಿ ಕಾಣುತ್ತದೆ, ಹತ್ತಿರದ್ದು ದೊಡ್ಡದಾಗಿ."

"ಈ ನಿಯಮ ನಮ್ಮ ಕಡೆ ನಡಿಯಂಗಿಲ್ರಿ" ಎಂದೆ. "ನಮ್ಮ ಜಾಗೀರದಾರರು ಇರೂದು ಹೈದರಾಬಾದಿನ್ಯಾಗ. ಅವರ ಮಾರಿ ಕಂಡಾಂವ ಓಣ್ಯಾಗ ಒಬ್ಬನೂ ಇಲ್ಲ. ಅಷ್ಟು ದೂರ ಇದ್ದು ಎಷ್ಟು ದೊಡ್ಡವರು ನೋಡ್ರಿ! ಕಾರಭಾರಿ ಮೂಗಿನ ಮುಂದ ಮಗ್ಗಾ ಹಾಕ್ಕೊಂಡು ಕುಂತ ನಮ್ಮ ಅಪ್ಪ ಮಾತ್ರ ಇವತ್ತಿನತನಕ ಅವನ ಕಣ್ಣಿಗೆ ಬಿದ್ದಿಲ್ಲ."

"ಅದು ರಾಜ್ಯದ ಮಾತು. ನಾನು ಹೇಳಿದ್ದು ಕಣ್ಣಿನ ಮಾತು."

"ನಮಗ ಎರಡು ಕಣ್ಣು ಬ್ಯಾರೆ ಕೊಟ್ಟಿಲ್ರಿ."

ಎಂಟನೆಯ ದಿನ ನನ್ನ ಕೊನೆಯ ಚಿತ್ರ ಒಪ್ಪಿಸಿದೆ. ಬಾವಿ, ಕಟ್ಟೆಯ ಮೇಲೆ ಚಾವಿ ಹಿಡಿದು ಕೂತ ಕಾರಭಾರಿ. ಮಾಸ್ತರರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿಯೂ ನೋಡಿದರು.

"ಬಾವಿ ಬಂದಿಲ್ಲ" ಎಂದರು. "ಮನುಷ್ಯನೂ ಬಂದಿಲ್ಲ. ಸಿಟ್ಟು ಮಾತ್ರ ಹುಬೇಹೂಬು ಬಂದಿದೆ."

ಗೋಡೆಯ ಮೇಲೆ

ಬಂದಷ್ಟು ಬಂತು ಎಂದು ಊರಿಗೆ ಮರಳಿ, ಕಾರಭಾರಿ ಕಟ್ಟಿಸಿದ ಗೋಡೆಯ ಹೊರಮೈ ಮೇಲೆಯೇ, ಇದ್ದಿಲಿನಿಂದ, ಎತ್ತಿನ ಗಾತ್ರಕ್ಕೆ ಅದೇ ಚಿತ್ರ ಬರೆದೆ. ಕೈಯ ಇದ್ದಿಲು ಕೆಳಗಿಡುವ ಮೊದಲೇ, ನನ್ನ ಏಳನೆಯ ಅರ್ಜಿಯ ಕಾಟ ತಡೆಯಲಾರದೆ ಕಚೇರಿ ಕಳಿಸಿದ ಒಬ್ಬ ಕಂದಾಯದ ಗಿರದಾವರ ಜಾಗ ನೋಡಲು ಬಂದ. ಹೆಂಗಸರು ಖಾಲಿ ಕೊಡ ಹಿಡಿದು ನಿಂತರು. ಇವತ್ತು ಇವನು 'ಬಾವಿ ಇಲ್ಲ' ಎಂದು ಬರೆದುಕೊಂಡು ಹೋದರೆ ಮುಂದೆ ಯಾವ ಅರ್ಜಿಯೂ ಇಲ್ಲ. ನಮ್ಮ ಮೊಮ್ಮಕ್ಕಳೂ ಹಳ್ಳಕ್ಕೆ ನಡೆಯಬೇಕು. ಎಲ್ಲರಿಗೂ ಅದು ಗೊತ್ತಿತ್ತು.

"ಬಾಗಿಲಾ ತಗಸ್ರಿ" ಎಂದ ಗಿರದಾವರ.

ಕಾರಭಾರಿ ಕೈ ಮುಗಿದ. "ಮಾಫ್ ಮಾಡಬೇಕು ಸಾಹೇಬ್ರು. ಒಳಗ ನಮ್ಮ ಜನಾನಾ ಐತಿ. ಹೆಣ್ಣುಮಕ್ಕಳು ಗಾಳಿಗೆ ಕುಂತಾರ. ಪರದಾ."

ಪರದೆ ಎಂದ ಮೇಲೆ ಸರ್ಕಾರವೂ ಒಳಗೆ ಹೋಗುವಂತಿಲ್ಲ. ಗಿರದಾವರ ಕಾಗದ ತೆಗೆದು ಲೇಖಣಿ ಮಸಿಗೆ ಅದ್ದಿದ. ಆಗ ಅವನ ಕಣ್ಣು ಗೋಡೆಯ ಮೇಲೆ ಹೋಯಿತು.

"ಇದೇನಿದು? ಕರಡಿ ಕುಂತು ತಬಲಾ ಬಾರಿಸಿದಂಗ ಐತಿ?"

ಓಣಿ ಗೊಳ್ಳೆಂದಿತು. ನನ್ನ ಎಂಟು ದಿನದ ವಿದ್ಯೆ ನೆಲಕ್ಕೆ ಬಿತ್ತು. ಆದರೆ ನನಗಿಂತ ಹೆಚ್ಚು ಅವಮಾನವಾದದ್ದು ಕಾರಭಾರಿಗೆ.

"ಕರಡಿ ಎಲ್ಲೈತ್ರಿ? ಅದು ನಾನು!" ಎಂದ, ಮೀಸೆ ಮುಟ್ಟಿಕೊಂಡು. "ಈ ಹಲ್ಕಟ್ ನನ್ನ ಮಾರಿ ಹಿಂಗ ಬರದಾನ!"

"ನೀವs ಆಗಿದ್ರ ತಬಲಾ ಯಾಕ ಬಾರಿಸಾಕ ಹತ್ತೀರಿ?"

"ತಬಲಾ ಅಲ್ರೀ ಸಾಹೇಬ್ರ, ಅದು ಬಾವಿ! ಇಂವಗೆ ಬಾವಿ ಬರಿಯಾಕೂ ಬರಂಗಿಲ್ಲ. ಏಳು ಮೆಟ್ಟಲಾ ಬರದಾನ ನೋಡ್ರಿ, ಅಲ್ಲಿರೂದು ಹನ್ನೊಂದು! ಗಡಗಡಿ ಎಲ್ಲಿ ಹೋತು? ಬೇವಿನ ಬೇರು ಎಲ್ಲಿ ಹೋತು? ದಿನಾ ಮುಂಜಾನೆ ಅಲ್ಲೇ ಜಳಕಾ ಮಾಡಾಂವ ನಾನು, ನನಗ ಗೊತ್ತಿಲ್ಲೇನು?"

ಇಷ್ಟಕ್ಕೆ ನಿಲ್ಲಲಿಲ್ಲ. ನನ್ನ ಕೈಯಿಂದ ಇದ್ದಿಲು ಕಿತ್ತುಕೊಂಡು, ತೋಳು ಮಡಚಿ, ತಾನೇ ಗೋಡೆಯ ಮೇಲೆ ನಾಲ್ಕು ಮೆಟ್ಟಿಲು ಸೇರಿಸಿದ. ಹಗ್ಗ ಜಗ್ಗುವ ಗಡಗಡಿ ಹಾಕಿದ. ಬೇರನ್ನು ಬಳುಕಿಸಿ ಎಳೆದ. ಒಪ್ಪಬೇಕು, ನನಗಿಂತ ಚೆನ್ನಾಗಿ ಬರೆದ.

ಗಿರದಾವರ ಮೆತ್ತಗೆ ಕೇಳಿದ. "ಬ್ಯಾಸಗ್ಯಾಗ ನೀರು ಇರತಾವೇನ್ರಿ?"

"ಎರಡಾಳು ನಿಂತಿರತಾವ!" ಎಂದ ಕಾರಭಾರಿ, ಹೆಮ್ಮೆಯಿಂದ, ಬೆನ್ನು ತಿರುಗಿಸದೆಯೇ.

ಹಿಂದೆ ಗಿರದಾವರನ ಲೇಖಣಿ ಕರಕರ ಸದ್ದು ಮಾಡುತ್ತಿತ್ತು. ಆ ಸದ್ದಿಗೆ ಕಾರಭಾರಿಯ ಕೈ ನಿಂತಿತು. ಇದ್ದಿಲು ಕೆಳಗೆ ಬಿತ್ತು.

"ಚಾವಿ ಕೊಡ್ರಿ" ಎಂದ ಗಿರದಾವರ.

"ಒಳಗ ಜನಾನಾ…"

"ಹಂಗಾದ್ರ ಮೊದಲು ಹೆಂಗಸರು ಹೋಗಲಿ."

ಬೀಗ ತೆಗೆಸಿದರು. ನನ್ನ ಹೆಂಡತಿ ಕೊಡ ಸೊಂಟಕ್ಕೇರಿಸಿ ಎಲ್ಲರಿಗಿಂತ ಮುಂದೆ ನುಗ್ಗಿದಳು. ಬಾವಿಯ ಮೆಟ್ಟಿಲ ಮೇಲೆ ಕಾರಭಾರಿಯ ಇಬ್ಬರು ಗಡ್ಡದ ಕಾವಲುಗಾರರು ಲಂಗೋಟಿಯಲ್ಲಿ ಕೂತು, ತಲೆತುಂಬ ಸೀಗೆನೊರೆ ಮಾಡಿಕೊಂಡು, ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಿದ್ದರು. ಅವಳು ಸೆರಗು ಹಲ್ಲಿನಲ್ಲಿ ಕಚ್ಚಿ ಕೊಡವನ್ನು ನೀರಿಗಿಳಿಸುತ್ತ ಹೇಳಿದಳು:

"ಅವ್ವಗಳಿರಾ, ಲಗೂ ಮುಸುಕು ಹಾಕ್ಕೊಳ್ರಿ. ಹೊರಗ ಗಂಡಸರು ನಿಂತಾರ."